ಲೋನ್ ಕ್ಲೋಸ್ ಮಾಡಲು ಹೋದರೆ 74,340 ರೂಪಾಯಿ ವಕೀಲರ ಫೀಸು ಕೊಡಿ ಅಂತಾರೆ, ಕೊಡಬೇಕಾ?

ಡೊಂಬಿವ್ಲಿ ಈಸ್ಟ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ. ಮುಂದಿನ ತಿಂಗಳ ಕೊನೆಯೊಳಗೆ ಒಂದು ತೀರ್ಮಾನಕ್ಕೆ ಬರಬೇಕು, ಮನೆಯಲ್ಲಿ ಕೇಳೋಣ ಅಂದರೆ ಈ ವಿಷಯ ಗೊತ್ತಿರುವವರು ಯಾರೂ ಇಲ್ಲ.

2015ರಲ್ಲಿ ಡೊಂಬಿವ್ಲಿಯಲ್ಲಿ ಒಂದು ಒನ್ ಬಿಎಚ್‌ಕೆ ತೆಗೆದುಕೊಂಡೆ. 26 ಲಕ್ಷ ಹೋಮ್ ಲೋನ್, 20 ವರ್ಷ, ತಿಂಗಳ ಕಂತು 24,500ರ ಹತ್ತಿರ. ಏಳು ವರ್ಷ ಒಂದು ಕಂತೂ ತಪ್ಪಿಸಲಿಲ್ಲ. 2022ರಲ್ಲಿ ನಾನು ಕ್ಯಾಷಿಯರ್ ಆಗಿದ್ದ ಥಾಣೆಯ ಹೋಟೆಲ್ ಮುಚ್ಚಿತು, ಅದೇ ಹೊತ್ತಿಗೆ ಊರಲ್ಲಿ ಅಮ್ಮನಿಗೆ ಆಪರೇಷನ್. ನಾಲ್ಕು ಕಂತು ಬಾಕಿ ಬಿತ್ತು. ನವೆಂಬರ್ ಕೊನೆಯಲ್ಲಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಸರ್ಫೇಸಿ ಕಾಯ್ದೆಯ (ಸಾಲ ಕಟ್ಟದಿದ್ದರೆ ಬ್ಯಾಂಕು ಅಡವಿಟ್ಟ ಮನೆ ಹಿಡಿಯುವ ಕಾಯ್ದೆ) 13(2) ನೋಟಿಸ್ ಬಂತು, 60 ದಿನದೊಳಗೆ ಇಡೀ ಸಾಲ ಕಟ್ಟಿ ಅಂತ. ಆ ಕಾಗದ ಬಂದ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಹೆಂಡತಿಯ ಬಂಗಾರ ಅಡವಿಟ್ಟು, ಭಾವನ ಹತ್ತಿರ ಕೈಸಾಲ ಮಾಡಿ, 2023ರ ಜನವರಿ ಮೊದಲ ವಾರದಲ್ಲೇ ಬಾಕಿ ಕಂತು, ಬಡ್ಡಿ, ದಂಡ ಎಲ್ಲ ಕಟ್ಟಿದೆ. ರಸೀದಿ ಇದೆ. ಆಮೇಲೆ ಇವತ್ತಿನವರೆಗೆ ಒಂದು ಕಂತೂ ತಪ್ಪಿಲ್ಲ.

ಇನ್ನೊಂದು ವಿಷಯ ಇದೆ. ಅದೇ ವರ್ಷ ನಾನು ಸಹಿ ಹಾಕದ ಒಂದು ಇನ್ಶೂರೆನ್ಸಿನ ಪ್ರೀಮಿಯಂ ನನ್ನ ಅಕೌಂಟಿನಿಂದ ಕಡಿತ ಆಯಿತು. ಎಷ್ಟು ಕೇಳಿದರೂ ವಾಪಸ್ ಕೊಡಲಿಲ್ಲ. ಥಾಣೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ನಾನೇ ದೂರು ಕೊಟ್ಟೆ, ವಕೀಲರನ್ನು ಇಡಲಿಲ್ಲ, ರಜೆ ಹಾಕಿ ಹಾಕಿ ಓಡಾಡಿದೆ. ಪ್ರೀಮಿಯಂ ಬಡ್ಡಿ ಸಮೇತ ವಾಪಸ್ ಕೊಡಿ ಅಂತ ಆದೇಶ ಆಯಿತು, ಅವರು ಕೊಟ್ಟರು ಕೂಡ. ಆದೇಶದ ಕೊನೆಯಲ್ಲಿ ಖರ್ಚಿನ ಬಗ್ಗೆ ಯಾವ ಆದೇಶವೂ ಇಲ್ಲ ಅಂತ ಬರೆದಿತ್ತು. ನಾನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಈಗ ಆ ಮನೆ ಮಾರುತ್ತಿದ್ದೇನೆ. ಗಿರಾಕಿ ಟೋಕನ್ ಕೊಟ್ಟಿದ್ದಾರೆ, ಅವರ ಬ್ಯಾಂಕಿಗೆ ನಮ್ಮ ಫೋರ್‌ಕ್ಲೋಷರ್ ಲೆಟರ್ ಬೇಕು, ಅಂದರೆ ಸಾಲ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕು ಅಂತ ಬ್ಯಾಂಕು ಕೊಡುವ ಕಾಗದ. ಲೆಟರ್ ತೆಗೆಸಿದರೆ ಅಸಲು, ಬಡ್ಡಿ ಆದ ಮೇಲೆ ಕೆಳಗೆ ಒಂದು ಸಾಲು: ಲೀಗಲ್ ಚಾರ್ಜಸ್ 74,340. ಏನಿದು ಅಂತ ಬ್ರ್ಯಾಂಚಿನಲ್ಲಿ ಕೇಳಿದರೆ ಸಿಸ್ಟಮ್‌ನಲ್ಲಿ ಬರುತ್ತಿದೆ ಅಂತಾರೆ. ಮೂರು ಸಲ ಹೋದ ಮೇಲೆ ಒಂದು ಬಿಳಿ ಹಾಳೆಯಲ್ಲಿ ಲೆಕ್ಕ ಬರೆದುಕೊಟ್ಟರು. 13(2) ನೋಟಿಸಿಗೆ 8,000. ಪತ್ರಿಕೆ ಜಾಹೀರಾತಿಗೆ 16,500. ಸೆಕ್ಷನ್ 14 ಅರ್ಜಿಗೆ 25,000. ಗ್ರಾಹಕರ ಆಯೋಗದ ಕೇಸಿಗೆ 13,500. ಒಟ್ಟು 63,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 11,340.

ಅಂದರೆ ನಾನು ಗೆದ್ದ ಕೇಸಿಗೆ ಅವರ ವಕೀಲರ ಫೀಸು ನಾನೇ ಕೊಡಬೇಕು! ಜಾಹೀರಾತು ಯಾವಾಗ ಬಂತು ಅಂತ ನನಗೆ ಗೊತ್ತೇ ಇಲ್ಲ. ಸೆಕ್ಷನ್ 14 ಅಂದರೆ ಏನು ಅಂತ ಕೂಡ ಈಗಲೇ ಕೇಳಿದ್ದು. ಪೂರ್ತಿ ಕಟ್ಟಿದರೆ ಮಾತ್ರ ಪೇಪರ್ಸ್ ಕೊಡುತ್ತೇವೆ ಅಂತಾರೆ. 74 ಸಾವಿರ ನನಗೆ ಸಣ್ಣ ದುಡ್ಡಲ್ಲ, ಅಡವಿಟ್ಟ ಬಂಗಾರ ಇನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ. ಏನು ಮಾಡಲಿ?

ಮುಲುಂಡ್ ವಾಸಿ

ಓದಿ ಬೇಜಾರಾಯಿತು. ಆದರೂ ಒಂದು ಮಾತು ಹೇಳುತ್ತೇನೆ ಅಣ್ಣ, ಬೇಸರ ಮಾಡಿಕೊಳ್ಳಬೇಡಿ. ಕಂತು ತಪ್ಪಿದ್ದು ನಮ್ಮ ಕಡೆಯಿಂದ, ನೋಟಿಸ್ ಕಳಿಸಿದ್ದು ಅವರ ಕೆಲಸ. ಅಗ್ರಿಮೆಂಟಿನಲ್ಲಿ ಎಲ್ಲ ಖರ್ಚೂ ಸಾಲಗಾರನದೇ ಅಂತ ಬರೆದಿರುತ್ತಾರೆ, ನಾವೆಲ್ಲ ಓದದೆ ಐವತ್ತು ಕಡೆ ಸಹಿ ಹಾಕಿರುತ್ತೇವೆ. ಈಗ ಡೊಂಬಿವ್ಲಿಯಲ್ಲಿ ಹಳೇ ಬಿಲ್ಡಿಂಗಿಗೆ ಗಿರಾಕಿ ಸಿಗುವುದೇ ಕಷ್ಟ. 74 ಸಾವಿರಕ್ಕಾಗಿ ಜಗಳ ಮಾಡುತ್ತಾ ಕೂತು ಗಿರಾಕಿ ಕೈತಪ್ಪಿದರೆ ನಷ್ಟ ಯಾರಿಗೆ? ನಾನಾಗಿದ್ದರೆ ಚೌಕಾಸಿ ಮಾಡಿ ಐವತ್ತಕ್ಕೆ ಇಳಿಸಿ ಕಟ್ಟಿಬಿಡುತ್ತಿದ್ದೆ.

ನಿಗಡಿ ಪ್ರಾಧಿಕರಣ

ನಾನು ಬ್ಯಾಂಕಿನಲ್ಲಿ 34 ವರ್ಷ ಇದ್ದವನು, ಕೊನೆಯ ಆರು ವರ್ಷ ಪುಣೆಯಲ್ಲಿ ರಿಕವರಿ ವಿಭಾಗದಲ್ಲೇ ಇದ್ದೆ. ಮುಲುಂಡಿನವರ ಮಾತು ಅರ್ಧ ಸರಿ. ಚೌಕಾಸಿ ಮಾತ್ರ ಮಾಡಬೇಡಿ. ಐವತ್ತಕ್ಕೆ ಒಪ್ಪಿದರೆ ಎಪ್ಪತ್ತನಾಲ್ಕೂ ಸರಿ ಇತ್ತು, ದಯೆಯಿಂದ ಬಿಟ್ಟರು ಅಂತ ಆಗುತ್ತದೆ. ಇದು ತರಕಾರಿ ವ್ಯಾಪಾರ ಅಲ್ಲ. ಒಂದೊಂದು ಸಾಲು ಹಿಡಿದು ಕೇಳಬೇಕು: ಯಾವ ಕೆಲಸ, ಯಾವ ತಾರೀಖು, ಯಾರ ಬಿಲ್ಲು.

ಮೊದಲು ಈ ದುಡ್ಡು ಎಲ್ಲಿಂದ ಬರುತ್ತದೆ ಅಂತ ಹೇಳುತ್ತೇನೆ, ಆಗ ಹೆದರಿಕೆ ಕಡಿಮೆಯಾಗುತ್ತದೆ. ಅಕೌಂಟ್ ಎನ್‌ಪಿಎ ಆದ ಕೂಡಲೇ, ಅಂದರೆ ಬಾಕಿ ಬಿದ್ದ ಕೆಟ್ಟ ಸಾಲ ಅಂತ ಬರೆದ ಕೂಡಲೇ, ಫೈಲ್ ಬ್ಯಾಂಕಿನ ಪ್ಯಾನೆಲ್ ವಕೀಲರಿಗೆ ಹೋಗುತ್ತದೆ. ಎಷ್ಟೋ ಕಡೆ ಅದು ಪ್ಯಾಕೇಜ್ ರೇಟು. ನೋಟಿಸ್ ಇಷ್ಟು, ಪೊಸೆಷನ್ ಇಷ್ಟು, ಸೆಕ್ಷನ್ 14 ಇಷ್ಟು. ಗ್ರಾಹಕ ಮಧ್ಯದಲ್ಲೇ ಬಾಕಿ ಕಟ್ಟಿ ರೆಗ್ಯುಲರ್ ಮಾಡಿಕೊಂಡರೂ ಕೆಲವು ಸಲ ಇಡೀ ಪ್ಯಾಕೇಜಿನ ಎಂಟ್ರಿ ಬಿದ್ದುಬಿಡುತ್ತದೆ. ಅದು ನಿಮ್ಮ ಲೋನ್ ಸ್ಟೇಟ್‌ಮೆಂಟಿನಲ್ಲಿ ಕಾಣುವುದಿಲ್ಲ, ಬೇರೆ ಖಾತೆಯಲ್ಲಿ ಬರಬೇಕಾದ ಖರ್ಚು ಅಂತ ಕೂತಿರುತ್ತದೆ. ಲೋನ್ ಕ್ಲೋಸ್ ಮಾಡುವ ದಿನ ಹೊರಗೆ ಬರುತ್ತದೆ. ಆಗ ಗ್ರಾಹಕನಿಗೆ ಅವಸರ, ಬ್ರ್ಯಾಂಚಿನವರಿಗೆ ಹಿಂದಿನ ಕಥೆ ಗೊತ್ತಿರುವುದಿಲ್ಲ. ನಾನು ಕೂತಿದ್ದ ಮೇಜಿಗೇ ಇಂಥ ಫೈಲು ಎಷ್ಟೋ ಬಂದಿವೆ. ಬಿಲ್ಲು ತೋರಿಸಿ ಅಂತ ಬರವಣಿಗೆಯಲ್ಲಿ ಕೇಳಿದವರ ಎಂಟ್ರಿಗಳನ್ನು ನಾವು ರಿವರ್ಸ್ ಮಾಡಿದ್ದೇವೆ. ಬಾಯಿಮಾತಲ್ಲಿ ಜಗಳ ಆಡಿದವರು ಸುಮ್ನೆ ಕಟ್ಟಿ ಹೋಗಿದ್ದಾರೆ. ಅದನ್ನು ನೋಡಿದ ನೋವು ನನಗೆ ಇವತ್ತಿಗೂ ಇದೆ.

ಈಗ ನಿಮ್ಮ ಹಾಳೆಗೆ ಬರೋಣ. ನೋಟಿಸ್ 8,000. ಅದು ನಿಜವಾಗಿ ಬಂದಿದೆ, ನಿಮ್ಮ ಕೈಯಲ್ಲೇ ಇದೆ. ಬಿಲ್ಲು ಕೇಳಿ, ಇದ್ದರೆ ಕೊಡಿ. ಅಗ್ರಿಮೆಂಟಿನಲ್ಲಿ, ಶೆಡ್ಯೂಲ್ ಆಫ್ ಚಾರ್ಜಸ್‌ನಲ್ಲಿ ಇಂಥ ಖರ್ಚಿಗೆ ಅಟ್ ಆ್ಯಕ್ಚುವಲ್ಸ್ ಅಂತ ಬರೆದಿರುತ್ತದೆ. ಆ್ಯಕ್ಚುವಲ್ ಅಂದರೆ ಕೈಬಿಟ್ಟು ಹೋದ ದುಡ್ಡು, ಅಂದಾಜು ಅಲ್ಲ. ಆ ಎರಡು ಪದ ನಿಮ್ಮ ಪರವಾಗಿಯೇ ಇದೆ.

ಪತ್ರಿಕೆ ಜಾಹೀರಾತು 16,500. ಸ್ವಾಧೀನ ತೆಗೆದುಕೊಂಡರೆ ಎರಡು ಪತ್ರಿಕೆಗಳಲ್ಲಿ ಪೊಸೆಷನ್ ನೋಟಿಸ್ ಹಾಕಬೇಕು, ಒಂದು ಸ್ಥಳೀಯ ಭಾಷೆಯದು. ಸರ್ಫೇಸಿಯ 2002ರ ನಿಯಮಗಳಲ್ಲಿ ಹಾಗಿದೆ. ನಿಮ್ಮ ಮನೆಯನ್ನು ಸ್ವಾಧೀನ ಮಾಡಿಕೊಂಡೇ ಇಲ್ಲವಲ್ಲ. ಸಾಲಗಾರ ನೋಟಿಸ್ ತೆಗೆದುಕೊಳ್ಳದೆ ತಪ್ಪಿಸಿಕೊಂಡರೆ 13(2) ನೋಟಿಸನ್ನೂ ಪತ್ರಿಕೆಯಲ್ಲಿ ಹಾಕಬಹುದು, ಆದರೆ ನೀವು ಪೋಸ್ಟ್‌ಮ್ಯಾನ್ ಹತ್ತಿರ ಸಹಿ ಹಾಕಿ ತೆಗೆದುಕೊಂಡಿದ್ದೀರಿ. ಯಾವ ಪತ್ರಿಕೆ, ಯಾವ ದಿನ, ಕಟಿಂಗ್ ಕೊಡಿ ಅಂತ ಕೇಳಿ. ಇನ್ನೊಂದು ಸಣ್ಣ ಸೂಚನೆ ಅಲ್ಲೇ ಇದೆ. ಮುದ್ರಣ ಪತ್ರಿಕೆಯ ಜಾಹೀರಾತು ಜಾಗಕ್ಕೆ ಜಿಎಸ್‌ಟಿ 5 ಪರ್ಸೆಂಟ್. ವಕೀಲರ ಬಿಲ್ಲಿನಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ಇರುವುದೇ ಇಲ್ಲ, ರಿವರ್ಸ್ ಚಾರ್ಜಿನಲ್ಲಿ ಬ್ಯಾಂಕೇ ಕಟ್ಟುತ್ತದೆ. ಎಲ್ಲದಕ್ಕೂ ಒಟ್ಟಾಗಿ 18 ಅಂತ ಹಾಕಿದ್ದಾರೆ ಅಂದರೆ ಬಿಲ್ಲು ಮುಂದೆ ಇಟ್ಟುಕೊಂಡು ಲೆಕ್ಕ ಮಾಡಿದಂತೆ ನನಗೆ ಕಾಣುತ್ತಿಲ್ಲ. ಈ 18ಕ್ಕೆ ಆಧಾರ ಏನು ಅಂತಲೂ ಒಂದು ಸಾಲು ಬರೆಯಿರಿ.

ಸೆಕ್ಷನ್ 14 ಅಂದರೆ ಮನೆಯ ಸ್ವಾಧೀನ ಕೊಡಿಸಿ ಅಂತ ಮ್ಯಾಜಿಸ್ಟ್ರೇಟರಿಗೆ ಹಾಕುವ ಅರ್ಜಿ. ನಿಮ್ಮ ಕಡೆ ಅದು ಸಾಮಾನ್ಯವಾಗಿ ಥಾಣೆಯ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಕಲೆಕ್ಟರ್ ಕಚೇರಿ. ಅದಕ್ಕೆ ಬ್ಯಾಂಕಿನ ಅಧಿಕಾರಿಯ ಅಫಿಡವಿಟ್ ಬೇಕು, 60 ದಿನ ಮುಗಿದಿರಬೇಕು. ನೀವು 60 ದಿನ ಮುಗಿಯುವ ಮೊದಲೇ ಬಾಕಿ ಕಟ್ಟಿದ್ದೀರಿ. ಹಾಗಾದರೆ ಅರ್ಜಿ ಯಾವತ್ತು ಹಾಕಿದರು? ಅರ್ಜಿ ನಂಬರ್ ಮತ್ತು ಪ್ರತಿ ಕೇಳಿ. ಜೊತೆಗೆ ಕಲೆಕ್ಟರ್ ಕಚೇರಿಗೆ ಒಂದು ಆರ್‌ಟಿಐ ಹಾಕಿ, ನನ್ನ ಈ ಫ್ಲ್ಯಾಟಿನ ಮೇಲೆ ಸೆಕ್ಷನ್ 14 ಅರ್ಜಿ ಬಂದಿದೆಯೇ ಅಂತ. 10 ರೂಪಾಯಿ ಫೀಸು, 30 ದಿನದಲ್ಲಿ ಉತ್ತರ ಕೊಡಬೇಕು. ಉತ್ತರ ಬರುವ ಮೊದಲೇ ಆ ಅರ್ಜಿ ಹಾಕಿದ್ದೇನೆ ಅಂತ ಬ್ಯಾಂಕಿಗೆ ತಿಳಿಸಿ, ಅಷ್ಟರಿಂದಲೇ ಫೈಲು ತೆರೆಯುತ್ತಾರೆ.

ಗ್ರಾಹಕರ ಆಯೋಗದ ವಿಷಯ ಕಾನೂನು ಗೊತ್ತಿದ್ದವರು ಹೇಳಲಿ. ನನಗೆ ಅದು ನ್ಯಾಯ ಅಂತ ಅನ್ನಿಸುವುದಿಲ್ಲ.

ನೀವು ಸಾಲ ತೆಗೆದದ್ದು ಬ್ಯಾಂಕಿನಲ್ಲೋ ಹೌಸಿಂಗ್ ಫೈನಾನ್ಸ್ ಕಂಪನಿಯಲ್ಲೋ? ಮುಂದಿನ ದಾರಿ ಅದರ ಮೇಲೆ ಇದೆ.

ಡೊಂಬಿವ್ಲಿ ಈಸ್ಟ್

ಸರ್, ಕೈಮುಗಿದು ಹೇಳುತ್ತೇನೆ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಪ್ರೈವೇಟ್ ಬ್ಯಾಂಕ್ ಸರ್, ಹೌಸಿಂಗ್ ಫೈನಾನ್ಸ್ ಅಲ್ಲ. ಮುಲುಂಡಿನ ಅಣ್ಣ ಹೇಳಿದ್ದರಲ್ಲೂ ತಪ್ಪಿಲ್ಲ, ಗಿರಾಕಿಯ ಭಯ ನನಗೂ ಇದೆ. ಪೋಸ್ಟಿನ ಕವರ್ ಸಮೇತ ಇಟ್ಟಿದ್ದೇನೆ, ಹೆಂಡತಿ ಎಲ್ಲ ಒಂದು ಫೈಲಿನಲ್ಲಿ ಹಾಕಿಟ್ಟಿದ್ದಾಳೆ.

ವಕೀಲ, ಶಿವಾಜಿನಗರ

ನಾನು ವಿಜಯಪುರದವನು, ಪುಣೆಯಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಸಾಲಗಾರರ ಕಡೆಯಿಂದ ಇಂಥ ಕೇಸು ನೋಡುತ್ತೇನೆ. ನಿಗಡಿಯ ಸರ್ ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಬ್ಯಾಂಕಿನವರು ಸರ್ಫೇಸಿಯ 13(7) ತೋರಿಸುತ್ತಾರೆ. ಖರ್ಚೆಲ್ಲ ಸಾಲಗಾರನಿಂದ ವಸೂಲು ಮಾಡಬಹುದು ಅಂತ ಅದರಲ್ಲಿ ಇದೆ, ನಿಜ. ಆದರೆ ಆ ಉಪಸೆಕ್ಷನ್ ಶುರುವಾಗುವುದೇ 13(4)ರ ಕೆಳಗೆ ಕ್ರಮ ತೆಗೆದುಕೊಂಡಿದ್ದರೆ ಅನ್ನುವ ಮಾತಿನಿಂದ. 13(4) ಅಂದರೆ ಸ್ವಾಧೀನದ ಹಂತ. ನಿಮ್ಮದು 13(2) ನೋಟಿಸಿನಲ್ಲೇ ನಿಂತಿದೆ. ಜೊತೆಗೆ ಆ ಖರ್ಚು ಸರಿಯಾಗಿ ಆದ ಖರ್ಚು ಆಗಿರಬೇಕು ಅಂತಲೂ ಅಲ್ಲೇ ಇದೆ. ಹಾಗಾಗಿ ನಿಮ್ಮ ವಿಷಯದಲ್ಲಿ ಅವರು ಕಾಯ್ದೆಯ ಮೇಲೆ ನಿಲ್ಲಲು ಕಷ್ಟ, ಅಗ್ರಿಮೆಂಟಿನ ಷರತ್ತಿನ ಮೇಲೆ ನಿಲ್ಲಬೇಕು. ಅಗ್ರಿಮೆಂಟಿನ ಪೂರ್ತಿ ಪ್ರತಿ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಮೊದಲು ಅದನ್ನು ಕೇಳಿ ತೆಗೆದುಕೊಳ್ಳಿ.

ಗ್ರಾಹಕರ ಆಯೋಗದ 13,500 ಬಗ್ಗೆ. ಇದು ಸಾಲ ವಸೂಲಿಗೆ ಆದ ಖರ್ಚಲ್ಲ, ಅಡಮಾನ ಕಾಪಾಡಿಕೊಳ್ಳಲು ಆದ ಖರ್ಚೂ ಅಲ್ಲ. ಅವರ ತಪ್ಪಿನ ಮೇಲೆ ನೀವು ಹಾಕಿದ ದೂರಿಗೆ ಅವರು ಉತ್ತರ ಕೊಟ್ಟದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 39ರಲ್ಲಿ ಖರ್ಚು ಕೊಡಿಸುವ ಅಧಿಕಾರ ಆಯೋಗಕ್ಕೇ ಇದೆ. ಆಯೋಗ ಯಾರಿಗೂ ಕೊಡಿಸಲಿಲ್ಲ. ಅಲ್ಲಿ ಸಿಗದ ದುಡ್ಡನ್ನು ಸಾಲದ ಖಾತೆಗೆ ಬರೆದು ತೆಗೆದುಕೊಂಡರೆ ಆದೇಶಕ್ಕೆ ಏನು ಬೆಲೆ ಉಳಿಯಿತು? ಅಡಮಾನದ ಕೇಸು ಸಿವಿಲ್ ಕೋರ್ಟಿಗೆ ಹೋದಾಗ ಕೂಡ, ಸಾಲ ಕೊಟ್ಟವರ ನಡತೆ ಸರಿ ಇಲ್ಲದಿದ್ದರೆ ದಾವೆಯ ಖರ್ಚನ್ನು ಸಾಲಕ್ಕೆ ಸೇರಿಸದೆ ಇರುವ ಅಧಿಕಾರ ಕೋರ್ಟಿಗಿದೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 34, ರೂಲ್ 10. ನಿಮ್ಮದು ಆ ಥರದ ದಾವೆ ಅಲ್ಲ, ಆದರೂ ಕಾನೂನಿನ ಮನಸ್ಸು ಯಾವ ಕಡೆ ಇದೆ ಅಂತ ತಿಳಿಯಲು ಹೇಳಿದೆ. ಇಷ್ಟೆಲ್ಲ ಇದ್ದರೂ ಇದು ನೂರಕ್ಕೆ ನೂರು ಗೆಲ್ಲುವ ಮಾತು ಅಂತ ನಾನು ಹೇಳುವುದಿಲ್ಲ. ಕೆಲವು ಅಗ್ರಿಮೆಂಟುಗಳಲ್ಲಿ ಈ ಸಾಲಕ್ಕೆ ಸಂಬಂಧಪಟ್ಟ ಯಾವುದೇ ವ್ಯಾಜ್ಯದ ಖರ್ಚು ಅಂತ ತುಂಬಾ ಅಗಲವಾಗಿ ಬರೆದಿರುತ್ತಾರೆ. ಜಗಳ ನಡೆಯುವುದು ಆ ಒಂದು ಸಾಲಿನ ಮೇಲೆ.

ಒಂದು ಎಚ್ಚರಿಕೆ. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟಿನಲ್ಲಿ, ಅಂದರೆ ಸಾಲ ಕೊಡುವಾಗ ಬಡ್ಡಿ, ಚಾರ್ಜು ಎಲ್ಲ ಬರೆದುಕೊಡುವ ಹಾಳೆಯಲ್ಲಿ, ಇಲ್ಲದ ಚಾರ್ಜನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ, ಅದನ್ನು ನೋಡಿ ಯಾರಾದರೂ ನಿಮಗೆ ಹೇಳಬಹುದು. ಅದು 2024ರ ಅಕ್ಟೋಬರ್ 1ರಿಂದ ಕೊಡುವ ಹೊಸ ಸಾಲಗಳಿಗೆ. ನಿಮ್ಮ 2015ರ ಸಾಲಕ್ಕೆ ಅದನ್ನು ಬರೆಯಬೇಡಿ. ಒಂದು ತಪ್ಪು ನಿಯಮ ಬರೆದರೆ ಉಳಿದ ಒಳ್ಳೆಯ ಪ್ರಶ್ನೆಗಳನ್ನೂ ಅವರು ಬದಿಗೆ ಸರಿಸುತ್ತಾರೆ.

ಡಿಆರ್‌ಟಿಗೆ, ಅಂದರೆ ಸಾಲ ವಸೂಲಿ ನ್ಯಾಯಮಂಡಳಿಗೆ, ಹೋಗಿ ಅಂತ ಹೇಳುವವರೂ ಇರುತ್ತಾರೆ. ಸರ್ಫೇಸಿಯ ಸೆಕ್ಷನ್ 17ರಲ್ಲಿ ಅಲ್ಲಿಗೆ ಹೋಗುವುದು ಸ್ವಾಧೀನದ ಕ್ರಮದ ವಿರುದ್ಧ, 45 ದಿನದೊಳಗೆ. ನಿಮಗೆ ಅದು ದಾರಿಯಲ್ಲ.

ಮಡಗಾಂವಿನಿಂದ

ಅಣ್ಣ, ನನ್ನ ಅನುಭವ ಹೇಳುತ್ತೇನೆ, ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮೂಲ ಅಂಕೋಲಾ, ಮದುವೆಯಾಗಿ ಗೋವಾಕ್ಕೆ ಬಂದವಳು, ಶಾಲೆಯಲ್ಲಿ ಟೀಚರ್. ನಮ್ಮದು ಹೌಸಿಂಗ್ ಫೈನಾನ್ಸ್ ಕಂಪನಿಯ ಸಾಲ. ಬೇರೆ ಬ್ಯಾಂಕಿಗೆ ಟ್ರಾನ್ಸ್‌ಫರ್ ಮಾಡುವಾಗ ಲೀಗಲ್ ಮತ್ತು ರಿಕವರಿ ಅಂತ 31,000 ಕೇಳಿದರು. ಹೊಸ ಬ್ಯಾಂಕಿನ ಚೆಕ್ ರೆಡಿ ಇತ್ತು, ಯಜಮಾನರು ಹಡಗಿನಲ್ಲಿ ಕೆಲಸದ ಮೇಲೆ ಹೊರಗಿದ್ದರು, ನಾನೊಬ್ಬಳೇ ಹೋಗಿ ಕಟ್ಟಿಬಿಟ್ಟೆ. ಒಂದು ಸಾಲೂ ಬರೆಯಲಿಲ್ಲ. ಎರಡು ತಿಂಗಳ ನಂತರ ಬಿಲ್ಲು ಕೇಳಿದರೆ, ನೀವೇ ಒಪ್ಪಿ ಕಟ್ಟಿದ್ದೀರಲ್ಲ ಮೇಡಂ ಅಂತ ಉತ್ತರ ಬಂತು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ತುಂಬಾ ಅತ್ತೆ.

ಆಮೇಲೆ ರಾಷ್ಟ್ರೀಯ ವಸತಿ ಬ್ಯಾಂಕಿನ ಗ್ರಿಡ್ಸ್ ಅನ್ನುವ ದೂರಿನ ಪೋರ್ಟಲ್‌ನಲ್ಲಿ ದೂರು ಹಾಕಿದೆ. ಹೌಸಿಂಗ್ ಫೈನಾನ್ಸ್ ಕಂಪನಿಗಳ ದೂರು ಅಲ್ಲಿಗೇ ಹೋಗಬೇಕು, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ, ಅದನ್ನು ತೆಗೆದುಕೊಳ್ಳುವುದಿಲ್ಲ. ಕಂಪನಿ ಆಗ ಬಿಲ್ಲು ಕಳಿಸಿತು. 31,000ದಲ್ಲಿ 19,200ಕ್ಕೆ ಮಾತ್ರ ಬಿಲ್ಲು ಇತ್ತು. ಉಳಿದದ್ದು ವಾಪಸ್ ಬಂತು, ಆದರೆ ಎಂಟು ತಿಂಗಳು ಹಿಡಿಯಿತು. ಕಟ್ಟುವ ದಿನವೇ ಒಂದು ಕಾಗದ ಕೊಟ್ಟಿದ್ದರೆ ಇಷ್ಟು ಒದ್ದಾಟ ಇರುತ್ತಿರಲಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ನಿಗಡಿ ಪ್ರಾಧಿಕರಣ

ಮಡಗಾಂವಿನ ತಂಗಿ ಹೇಳಿದ್ದು ಬಹಳ ಮುಖ್ಯ. ಕಟ್ಟಬೇಕಾಗಿ ಬಂದರೂ ಆಕ್ಷೇಪ ಇಟ್ಟುಕೊಂಡೇ ಕಟ್ಟಬೇಕು, ಅಂಡರ್ ಪ್ರೊಟೆಸ್ಟ್ ಅಂತ ಬರೆಯುವುದು.

ಡೊಂಬಿವ್ಲಿಯವರೇ, ನಿಮ್ಮ ದಾರಿ ಹೀಗೆ. ಇವತ್ತೇ ಬ್ರ್ಯಾಂಚ್ ಮ್ಯಾನೇಜರಿಗೆ ಒಂದು ಪತ್ರ, ಅದೇ ಪತ್ರ ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಮೇಲ್. ಇಂಗ್ಲಿಷಿನಲ್ಲೇ ಬರೆಯಿರಿ, ಅರ್ಥ ಹೀಗಿರಲಿ: "ನನ್ನ ಸಾಲದ ಫೋರ್‌ಕ್ಲೋಷರ್ ಲೆಟರಿನಲ್ಲಿ 74,340 ರೂಪಾಯಿ ಲೀಗಲ್ ಚಾರ್ಜಸ್ ಇದೆ. ಪ್ರತಿ ಬಾಬಿನ ಬಿಲ್ಲು, ಕೆಲಸದ ತಾರೀಖು, ವಕೀಲರಿಗೆ ದುಡ್ಡು ಕೊಟ್ಟ ದಾಖಲೆ, ಪತ್ರಿಕೆಯ ಕಟಿಂಗ್, ಸೆಕ್ಷನ್ 14 ಅರ್ಜಿಯ ನಂಬರ್ ಮತ್ತು ಪ್ರತಿ ಕೊಡಿ. ಯಾವ ಷರತ್ತಿನ ಆಧಾರದಲ್ಲಿ ಕೇಳುತ್ತಿದ್ದೀರಿ, ಆ ಷರತ್ತಿನ ನಂಬರ್ ತಿಳಿಸಿ. ನೋಟಿಸಿನ ಖರ್ಚಿಗೆ ಬಿಲ್ಲು ಕೊಟ್ಟರೆ ಕಟ್ಟಲು ಸಿದ್ಧನಿದ್ದೇನೆ. ಉಳಿದದ್ದನ್ನು ತೆಗೆದು ಹೊಸ ಲೆಟರ್ ಕೊಡಿ." ಇಷ್ಟೇ. ಅಮ್ಮನ ಆಪರೇಷನ್ ಕಥೆ, ಕೋಪ, ಬೆದರಿಕೆ ಯಾವುದೂ ಬೇಡ. ಪ್ರತಿಯ ಮೇಲೆ ಬ್ರ್ಯಾಂಚಿನ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕುವುದಿಲ್ಲ ಅಂದರೆ ಸ್ಪೀಡ್ ಪೋಸ್ಟ್.

30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸರಿ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಸಿಎಂಎಸ್ ಅನ್ನುವ ರಿಸರ್ವ್ ಬ್ಯಾಂಕಿನ ದೂರಿನ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು, ಫೀಸು ಇಲ್ಲ. ವಕೀಲರ ಮೂಲಕ ಹಾಕುವಂತಿಲ್ಲ, ನೀವೇ ಹಾಕಬೇಕು. ಅದೇ ವಿಷಯ ಕೋರ್ಟಿನಲ್ಲೋ ಆಯೋಗದಲ್ಲೋ ಇದ್ದರೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಎರಡು ದೋಣಿಯಲ್ಲಿ ಕಾಲಿಡಬೇಡಿ. ಫಾರ್ಮ್ ತುಂಬುವಾಗ ಗೊಂದಲ ಆದರೆ 14448ಕ್ಕೆ ಫೋನ್ ಮಾಡಿ.

ಈಗ ಗಿರಾಕಿಯ ವಿಷಯ, ಮುಲುಂಡಿನವರ ಚಿಂತೆ ಸರಿಯಾದದ್ದೇ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆ ಕೊಟ್ಟು, ನೋಂದಣಿಯಲ್ಲಿರುವ ಚಾರ್ಜನ್ನೂ, ಅಂದರೆ ಮನೆಯ ಮೇಲಿನ ಬ್ಯಾಂಕಿನ ಹಕ್ಕಿನ ದಾಖಲೆಯನ್ನೂ, ತೆಗೆಸಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಹೇಳಿದೆ. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಆದರೆ ಒಂದು ಎಡವಟ್ಟು ಇದೆ. ಈ 74 ಸಾವಿರ ಖಾತೆಯಲ್ಲಿ ಬಾಕಿ ಕಾಣುವವರೆಗೆ ಸಾಲ ಪೂರ್ತಿ ತೀರಿಲ್ಲ ಅಂತ ಅವರು ಹೇಳುತ್ತಾರೆ, ನಿಮ್ಮ 30 ದಿನ ಶುರುವೇ ಆಗುವುದಿಲ್ಲ. ಅದಕ್ಕೆ ಮೊದಲು ಪತ್ರ ಕೊಟ್ಟು ಎಷ್ಟು ಇಳಿಸಬಹುದೋ ಇಳಿಸಿ. ತಾರೀಖು ಹತ್ತಿರ ಬಂದರೆ ಉಳಿದದ್ದನ್ನು ಆಕ್ಷೇಪದೊಂದಿಗೆ ಕಟ್ಟಿ ಖಾತೆ ಸೊನ್ನೆ ಮಾಡಿಬಿಡಿ. ಆಮೇಲೆ ದಾಖಲೆ ಕೊಡದೆ ಇರಲು ಅವರಿಗೆ ನೆಪ ಇರುವುದಿಲ್ಲ, ನಿಮ್ಮ ದುಡ್ಡಿನ ಜಗಳ ಆರಾಮಾಗಿ ಮುಂದುವರಿಯಬಹುದು.

ವಕೀಲ, ಶಿವಾಜಿನಗರ

ಸರ್ ಹೇಳಿದ ಕೊನೆಯ ಮಾತಿಗೆ ಆಧಾರ 1872ರ ಕರಾರು ಕಾಯ್ದೆಯ ಸೆಕ್ಷನ್ 72. ತಪ್ಪಿನಿಂದಲೋ ಒತ್ತಾಯದಿಂದಲೋ ಕೊಟ್ಟ ದುಡ್ಡನ್ನು ತೆಗೆದುಕೊಂಡವರು ವಾಪಸ್ ಕೊಡಬೇಕು. ಒತ್ತಾಯ ಇತ್ತು ಅಂತ ತೋರಿಸಲು ಕಟ್ಟುವ ದಿನದ ಮೇಲ್ ಬೇಕು. ದುಡ್ಡು ಕಟ್ಟುವ ಮೊದಲು ಮೇಲ್ ಕಳಿಸಿ, ಆಮೇಲೆ ಅಲ್ಲ. ಫುಲ್ ಆ್ಯಂಡ್ ಫೈನಲ್, ಯಾವ ತಕರಾರೂ ಇಲ್ಲ ಅಂತ ಯಾವುದಾದರೂ ಕಾಗದಕ್ಕೆ ಸಹಿ ಕೇಳಿದರೆ, ಪಕ್ಕದಲ್ಲಿ ಲೀಗಲ್ ಚಾರ್ಜಸ್ ಬಗ್ಗೆ ನನ್ನ ಆಕ್ಷೇಪ ಉಳಿದಿದೆ ಅಂತ ಕೈಯಲ್ಲಿ ಬರೆದೇ ಸಹಿ ಹಾಕಿ.

ಮುಲುಂಡ್ ವಾಸಿ

ನಾನು ಕೊಟ್ಟ ಸಲಹೆ ತಪ್ಪಾಗಿತ್ತು. ನಮ್ಮ ಹೊಸ ಲೋನ್ 2025ರ ಜನವರಿಯದು, ವಕೀಲರು ಹೇಳಿದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಇವತ್ತು ರಾತ್ರಿ ಹುಡುಕಿ ತೆಗೆದಿಡುತ್ತೇನೆ.

ಡೊಂಬಿವ್ಲಿ ಈಸ್ಟ್

ಐದು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಏನಾಯಿತು ಅಂತ ಹೇಳಬೇಕಲ್ಲ.

ನಿಗಡಿಯ ಸರ್ ಹೇಳಿದ ಪತ್ರವನ್ನೇ ಮಗಳು ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಟ್ಟಳು. ಬ್ರ್ಯಾಂಚಿನಲ್ಲಿ ಸೀಲು ಹಾಕಲು ಒಂದು ಗಂಟೆ ಕೂರಿಸಿದರು, ಕೂತೆ. ಅದೇ ದಿನ ಕಲೆಕ್ಟರ್ ಕಚೇರಿಗೆ ಆರ್‌ಟಿಐ ಕೂಡ ಹಾಕಿದೆ. ಒಂಬತ್ತನೇ ದಿನ ಬ್ಯಾಂಕಿನ ಹೆಡ್ ಆಫೀಸಿನಿಂದ ಒಬ್ಬರು ಫೋನ್ ಮಾಡಿ ಬಾಯಲ್ಲೇ ಏನೋ ಹೇಳಲು ಶುರು ಮಾಡಿದರು. ದಯವಿಟ್ಟು ಮೇಲ್ ಮಾಡಿ ಅಂದೆ. ನನ್ನ ಧ್ವನಿ ನಡುಗುತ್ತಿತ್ತು, ಆದರೂ ಅಷ್ಟು ಹೇಳಿದೆ.

ಹದಿಮೂರನೇ ದಿನ ಮೇಲ್ ಬಂತು. ಜಾಹೀರಾತು ಮತ್ತು ಸೆಕ್ಷನ್ 14, ಎರಡೂ ತಪ್ಪಾಗಿ ಎಂಟ್ರಿ ಆಗಿವೆ, ರಿವರ್ಸ್ ಮಾಡಿದ್ದೇವೆ ಅಂತ ಬರೆದಿದ್ದರು. 41,500 ಮತ್ತು ಅದರ ಜಿಎಸ್‌ಟಿ ಸೇರಿ 48,970 ಹೋಯಿತು. ಕಟಿಂಗ್ ಇರಲಿಲ್ಲ, ಅರ್ಜಿ ಇರಲಿಲ್ಲ, ಏನೂ ಇರಲಿಲ್ಲ. ಆರ್‌ಟಿಐ ಉತ್ತರ ಆಮೇಲೆ ಬಂತು, ಅಂಥ ಅರ್ಜಿ ದಾಖಲಾಗಿಲ್ಲ ಅಂತ. ನಾನು ಕೇಳದೆ ಇದ್ದಿದ್ದರೆ ಆ ದುಡ್ಡು ಹೋಗಿಯೇ ಬಿಡುತ್ತಿತ್ತು, ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ನೋಟಿಸಿನ 8,000ಕ್ಕೆ ವಕೀಲರ ಬಿಲ್ಲು ಕೊಟ್ಟರು, ಸರಿ ಅಂತ ಒಪ್ಪಿದೆ. ಗ್ರಾಹಕರ ಆಯೋಗದ 13,500 ಮಾತ್ರ ಬಿಡಲಿಲ್ಲ. ಅಗ್ರಿಮೆಂಟಿನ ಒಂದು ಷರತ್ತಿನ ನಂಬರ್ ಬರೆದಿದ್ದರು, ವಕೀಲರು ಹೇಳಿದ ಹಾಗೆಯೇ ಈ ಸಾಲಕ್ಕೆ ಸಂಬಂಧಿಸಿದ ಯಾವುದೇ ವ್ಯಾಜ್ಯ ಅಂತ ಇದೆ. 18 ಪರ್ಸೆಂಟಿನ ಪ್ರಶ್ನೆಗೆ ಉತ್ತರವೇ ಇಲ್ಲ.

ಗಿರಾಕಿಯ ಬ್ಯಾಂಕು ಅವಸರ ಮಾಡಿತು. ಹಾಗಾಗಿ ಉಳಿದ 25,370ನ್ನು ಆಕ್ಷೇಪದೊಂದಿಗೆ ಕಟ್ಟಿದೆ. ಬೆಳಿಗ್ಗೆ 10:40ಕ್ಕೆ ಮೇಲ್, 11:15ಕ್ಕೆ ದುಡ್ಡು. ನೋ ಡ್ಯೂಸ್ ಕಾಗದದಲ್ಲಿ ಕೈಯಲ್ಲಿ ಒಂದು ಸಾಲು ಬರೆದು ಸಹಿ ಹಾಕಿದೆ, ಕೌಂಟರಿನ ಹುಡುಗ ಮ್ಯಾನೇಜರನ್ನು ಕೇಳಿ ಬಂದು ಸುಮ್ಮನೆ ತೆಗೆದುಕೊಂಡ. ದುಡ್ಡು ಕಟ್ಟಿದ 19ನೇ ದಿನ ಪೇಪರ್ಸ್ ಸಿಕ್ಕಿದವು. ಮೂಲ ಅಗ್ರಿಮೆಂಟ್, ಇಂಡೆಕ್ಸ್ ಟು, ಸೊಸೈಟಿಯ ಶೇರ್ ಸರ್ಟಿಫಿಕೇಟ್, ಹಳೇ ಬಿಲ್ಡರಿನ ರಸೀದಿಗಳು, ಒಂದೊಂದಾಗಿ ಹೆಂಡತಿ ಎಣಿಸಿ ತೆಗೆದುಕೊಂಡಳು.

ಗೆದ್ದ ಕೇಸಿನ 13,500 ಮತ್ತು ಅದರ ಜಿಎಸ್‌ಟಿ, ಒಟ್ಟು 15,930. ಇದನ್ನು ನಾನು ಬಿಡುವುದಿಲ್ಲ. ಬ್ಯಾಂಕಿನ ಕೊನೆಯ ಉತ್ತರ, ಆಯೋಗದ ಆದೇಶ, ನನ್ನ ಮೇಲ್ ಎಲ್ಲ ಸೇರಿಸಿ ನಿನ್ನೆ ರಾತ್ರಿ ಓಂಬುಡ್ಸ್‌ಮನ್‌ಗೆ ದೂರು ಹಾಕಿದ್ದೇನೆ. ದೂರಿನ ನಂಬರ್ ಮೊಬೈಲಿಗೆ ಬಂದಿದೆ. ಮಡಗಾಂವಿನ ಅಕ್ಕ, ನಿಮ್ಮ ಮಾತು ಕೇಳಿಯೇ ಆ ಮೇಲ್ ಮೊದಲು ಕಳಿಸಿದ್ದು.

ವಕೀಲ, ಶಿವಾಜಿನಗರ

ಒಳ್ಳೆಯದಾಯಿತು. ಪೇಪರ್ಸ್ ಬಂದರೂ ಒಂದು ಕೆಲಸ ಬಾಕಿ ಇದೆ. ಸೆರ್ಸಾಯ್, ಅಂದರೆ ಅಡಮಾನಗಳನ್ನು ದಾಖಲಿಸುವ ಕೇಂದ್ರ ನೋಂದಣಿಯ ವೆಬ್‌ಸೈಟಿನಲ್ಲಿ ನಿಮ್ಮ ಫ್ಲ್ಯಾಟ್ ಹುಡುಕಿ, ಬ್ಯಾಂಕಿನ ಚಾರ್ಜ್ ತೆಗೆದಿದ್ದಾರಾ ನೋಡಿ. ಇಲ್ಲದಿದ್ದರೆ ಗಿರಾಕಿಯ ಬ್ಯಾಂಕು ಕೊನೆ ಗಳಿಗೆಯಲ್ಲಿ ನಿಲ್ಲಿಸುತ್ತದೆ. ಆ 30 ದಿನದ ಲೆಕ್ಕ ಅದಕ್ಕೂ ಸೇರಿದೆ.

ಡೊಂಬಿವ್ಲಿ ಈಸ್ಟ್

ನೋಡಿದೆ, ಇನ್ನೂ ತೋರಿಸುತ್ತಿದೆ. ದುಡ್ಡು ಕಟ್ಟಿ ಇವತ್ತು 24ನೇ ದಿನ. ಈಗಲೇ ಮೇಲ್ ಮಾಡುತ್ತೇನೆ.